ಬೀಳೋದು ಕಲಿತವರು

ನಮ್ಮವ್ವನಿಗೆ ಅಕ್ಷರ ಬಾರದು. ಬಸ್ಸಿನ ಬೋರ್ಡು ಓದಲಾರಳು, ಕಂಡಕ್ಟರನ್ನು ಕೇಳಿ ಹತ್ತುತ್ತಾಳೆ. ಸಿನಿಮಾ ಅಂದರೆ ಅವಳಿಗೆ ರಾಜ್‌ಕುಮಾರ್. ಅದೂ ಮದುವೆಗೆ ಮುಂಚೆ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ್ದು. ಅಂಥವಳಿಗೆ ಹೋದ ಮಳೆಗಾಲದಲ್ಲಿ ಒಂದು ರಾತ್ರಿ, ಕರೆಂಟು ಹೋಗಿ ಮೇಣದಬತ್ತಿ ಹಚ್ಚಿಕೊಂಡು ಕೂತಿದ್ದಾಗ, ನನ್ನ ಮೊಬೈಲಿನಲ್ಲಿ ಒಂದು ಅಮೆರಿಕದ ಸಿನಿಮಾ ತೋರಿಸಿದೆ. ಮಾತಿಲ್ಲದ ಸಿನಿಮಾ. 1920ರಲ್ಲಿ ತೆಗೆದದ್ದು. ಹೆಸರು 'ಒನ್ ವೀಕ್'. ಕುಣಿಗಲ್ಲಿನಲ್ಲಿ ಬಿ.ಎ. ಓದುವಾಗ ಮೇಷ್ಟ್ರೊಬ್ಬರು ಇಂಥವನ್ನು ಹುಡುಕಿ ನೋಡು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನೋಡೋದಕ್ಕೆ ಎರಡು ವರ್ಷ ಆಯಿತು, ಅವ್ವನಿಗೆ ತೋರಿಸೋದಕ್ಕೆ ಇನ್ನೊಂದು ವರ್ಷ.

ಕತೆ ಇಷ್ಟೇ. ಹೊಸದಾಗಿ ಮದುವೆಯಾದ ಗಂಡ ಹೆಂಡಿರಿಗೆ ಯಾರೋ ಒಂದು ಮನೆಯನ್ನು ಉಡುಗೊರೆ ಕೊಡ್ತಾರೆ. ಕಟ್ಟಿದ ಮನೆ ಅಲ್ಲ, ಪೆಟ್ಟಿಗೆಗಳಲ್ಲಿ ತುಂಬಿದ ಮನೆ. ಒಂದೊಂದು ಪೆಟ್ಟಿಗೆಗೂ ನಂಬರು. ನಂಬರಿನ ಪ್ರಕಾರ ಜೋಡಿಸಿದರೆ ಒಂದು ವಾರದಲ್ಲಿ ಮನೆ. ಆ ಹುಡುಗಿಯನ್ನು ತಾನು ಮದುವೆಯಾಗಬೇಕಿತ್ತು ಅಂತ ಹೊಟ್ಟೆಕಿಚ್ಚುಪಟ್ಟವನೊಬ್ಬ ಬಂದು ನಂಬರುಗಳನ್ನು ತಿದ್ದಿಬಿಡ್ತಾನೆ. ಈ ಪುಣ್ಯಾತ್ಮ ನಂಬರು ನಂಬಿ ಕಟ್ಟುತ್ತಾನೆ. ಮನೆ ಸೊಟ್ಟ. ಮಹಡಿಯ ಮೇಲಿನ ಬಾಗಿಲು ತೆಗೆದರೆ ಆಚೆ ಬರೀ ಗಾಳಿ. ಅವನು ಕಾಲಿಟ್ಟು ಎರಡಾಳೆತ್ತರದಿಂದ ನೆಲಕ್ಕೆ ಬೀಳುತ್ತಾನೆ. ಬಿರುಗಾಳಿ ಬಂದ ರಾತ್ರಿ ಇಡೀ ಮನೆ ಜಾತ್ರೆಯ ತೊಟ್ಟಿಲಿನ ಹಾಗೆ ಗಿರಗಿರ ತಿರುಗುತ್ತದೆ. ಕೊನೆಗೆ ನೋಡಿದರೆ ಕಟ್ಟಿದ ಜಾಗವೇ ಬೇರೆಯವರದು, ಇವರ ಸೈಟು ರೈಲು ಹಳಿಯ ಆಚೆ. ಮನೆಯನ್ನೇ ಎಳೆದುಕೊಂಡು ಹೊರಡುತ್ತಾರೆ. ಹಳಿಯ ಮೇಲೆ ಮನೆ ಸಿಕ್ಕಿಕೊಳ್ಳುತ್ತದೆ. ರೈಲು ಬರುತ್ತದೆ.

ಅವ್ವ ಉಸಿರು ಹಿಡಿದಳು. ರೈಲು ಪಕ್ಕದ ಹಳಿಯಲ್ಲಿ ಹಾದುಹೋಯಿತು. "ಉಳ್ಕತು ಕಣಪ್ಪ" ಅಂದಳು. ಅವಳು ಆ ಮಾತು ಮುಗಿಸೋದಕ್ಕೂ ಆ ಕಡೆಯಿಂದ ಇನ್ನೊಂದು ರೈಲು ಬಂದು ಮನೆಯನ್ನು ಪುಡಿ ಮಾಡೋದಕ್ಕೂ ಸರಿಯಾಯಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಗೋಡೆ ನೋಡಿದಳು. ನಮ್ಮದು ಸರ್ಕಾರಿ ಮನೆ. ಪಾಯದ ಬಿಲ್ಲು ಬಂದು, ಲಿಂಟಲ್ ಬಿಲ್ಲು ಬರದೆ, ಎರಡು ವರ್ಷ ಬಿಸಿಲಿಗೂ ಮಳೆಗೂ ಸೂರಿಲ್ಲದೆ ನಿಂತಿದ್ದ ಗೋಡೆ ಅದು. "ನಮ್ದೂ ಯಾರೋ ನಂಬ್ರು ತಿದ್ದವ್ರೆ ಕಣ್ಲಾ" ಅಂದಳು.

ಇನ್ನೊಂದು ಮಾತು ಕೇಳಿದಳು. ಈ ಲೇಖನ ಬರೆಯೋದಕ್ಕೆ ಕಾರಣವಾದ ಮಾತು ಅದು.

"ಅವ್ನು ದೊಂಬ್ರೋನೇನ್ಲಾ?"

ಅಲ್ಲ ಕಣವ್ವ, ಅವನು ಅಮೆರಿಕದೋನು ಅಂದೆ. "ಯಾವ ಊರೋನಾದ್ರೂ ಆಗ್ಲಿ. ಅಂಗೆ ಬೀಳೋಕೆ ಹುಟ್ಟಿದಾಗಿಂದ ಕಲೀಬೇಕು. ಕುಡಿದೋರು ಬಿದ್ರೆ ಅಂಗೆ ಬೀಳಲ್ಲ, ಮೂಳೆ ಮುರ್ಕತಾರೆ" ಅಂದಳು.

ಗೆಳೆಯರೆ, ಪುಸ್ತಕ ಓದಿದ ನನಗೆ ಹೊಳೆಯದೇ ಇದ್ದದ್ದು ಇದು. ನಾನು ಅವನನ್ನು 'ಕಲಾವಿದ' ಅಂತ ನೋಡಿದ್ದೆ, ಅವ್ವ ಅವನ ಕುಲಕಸುಬು ಕಂಡುಹಿಡಿದಳು. ಅವಳು ಹೇಳಿದ್ದು ಹೆಚ್ಚು ಕಡಿಮೆ ನಿಜವೂ ಹೌದು.

ಅವನ ಹೆಸರು ಜೋಸೆಫ್ ಕೀಟನ್. ಲೋಕವೆಲ್ಲ ಕರೆಯೋದು ಬಸ್ಟರ್ ಕೀಟನ್ ಅಂತ. ಬಸ್ಟರ್ ಅಂದರೆ ಆ ಕಾಲದ ಆಟದವರ ಮಾತಿನಲ್ಲಿ ಧೊಪ್ಪನೆ ಬೀಳೋದು. ಹುಟ್ಟಿದ್ದು 1895ರ ಅಕ್ಟೋಬರ್ 4, ಕಾನ್ಸಾಸ್ ರಾಜ್ಯದ ಪಿಕ್ವಾ ಅನ್ನೋ ಹಳ್ಳಿಯಲ್ಲಿ. ಅದು ಅವರ ಊರೇನಲ್ಲ, ಆಟದ ತಿರುಗಾಟದಲ್ಲಿ ಹೆರಿಗೆಯಾದ ಜಾಗ. ಅಪ್ಪ ಅವ್ವ ಇಬ್ಬರೂ ಔಷಧಿ ಮಾರುವವರ ಜೊತೆ ತಿರುಗುತ್ತಿದ್ದ ಆಟದವರು. ಮೊದಲು ಕುಣಿತ, ಲಾಗ, ತಮಾಷೆ. ಜನ ಸೇರಿದ ಮೇಲೆ ಬಾಟಲಿ ಮಾರಾಟ. ನಮ್ಮ ಸಂತೆಗಳಲ್ಲಿ ಹಾವು ತೋರಿಸಿ ತಾಯಿತ ಮಾರುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗನಿಗೆ ಐದು ವರ್ಷ ಆಗುವ ಹೊತ್ತಿಗೆ ಅಪ್ಪ ಅವ್ವ ಮಗ ಮೂವರೂ ರಂಗದ ಮೇಲೆ. ಸರ್ಕಸ್ಸಿನ ಡೇರೆ ಅಲ್ಲ, ಹಾಡು, ಕುಣಿತ, ಲಾಗ, ಜಾದೂ ಒಂದಾದ ಮೇಲೊಂದು ಬರುವ ವಾಡೆವಿಲ್ ಅನ್ನುವ ರಂಗ. ಆದರೆ ಮೈಗೆ ಕೆಲಸ ಅದೇ. ಆಟ ಏನು? ಅಪ್ಪ ಮಗನನ್ನು ಎತ್ತಿ ಎಸೆಯೋದು. ಪರದೆಯ ಮೇಲೆ ಎಸೆಯೋದು, ವಾದ್ಯದವರ ಗುಂಡಿಗೆ ಎಸೆಯೋದು. ಎಸೆಯೋಕೆ ಹಿಡಿತ ಸಿಗಲಿ ಅಂತ ಹುಡುಗನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು.

ಆ ಹಿಡಿಯ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಿದ್ದೆದ್ದು ನಕ್ಕರೆ ಜನ ನಗೋದಿಲ್ಲ, ಮುಖ ಬಿಗಿ ಹಿಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಅಂತ ಆ ಹುಡುಗ ಎಳೆಯ ವಯಸ್ಸಿಗೇ ಕಂಡುಕೊಂಡ. ಆ ಕಲ್ಲುಮುಖವೇ ಮುಂದೆ ಅವನ ಬಂಡವಾಳವಾಯಿತು. ಮಕ್ಕಳ ರಕ್ಷಣೆಯ ಸಂಘದವರು ಬೆನ್ನು ಹತ್ತಿದರು, ನ್ಯೂಯಾರ್ಕಿನಲ್ಲಿ ಕೆಲಕಾಲ ಇವರ ಆಟಕ್ಕೆ ತಡೆಯೂ ಆಯಿತು. ಶಾಲೆಗೆ ತಾನು ಹೋದದ್ದು ಒಂದೇ ದಿನ ಅಂತ ಅವನು ಹೇಳಿಕೊಳ್ಳುತ್ತಿದ್ದ.

ನಮ್ಮ ಕಡೆ ದೊಂಬರು ಬರೋದು ಸುಗ್ಗಿ ಮುಗಿದ ಮೇಲೆ. ಹುಲಿಯೂರುದುರ್ಗದ ಬೆಟ್ಟ ನೋಡಿದವರಿಗೆ ಗೊತ್ತು, ಅದು ಮಗುಚಿಟ್ಟ ಮಡಕೆಯಂಥ ಬೋಳುಗಲ್ಲು. ಹತ್ತೋಕೆ ಹೋದರೆ ಕಾಲು ಜಾರುತ್ತದೆ. ಚಿಕ್ಕವನಿದ್ದಾಗ ದೊಂಬರ ಹೆಣ್ಣುಮಗಳು ಹಗ್ಗದ ಮೇಲೆ ನಡೆಯೋದು ನೋಡಿ, ಇವಳಾದರೆ ಆ ಬೆಟ್ಟವನ್ನು ಓಡಿಯೇ ಹತ್ತುತ್ತಾಳೆ ಅಂದುಕೊಳ್ಳುತ್ತಿದ್ದೆ. ಎರಡು ಕಡೆ ಕತ್ತರಿ ಹಾಕಿದ ಗಳ, ನಡುವೆ ಬಿಗಿದ ಹಗ್ಗ, ಕೆಳಗೆ ಅಪ್ಪನ ಡೋಲು. ತಲೆಯ ಮೇಲೆ ಮೂರು ಚೊಂಬು, ಕೈಯಲ್ಲಿ ಉದ್ದನೆ ಬಿದಿರು. ಒಂದು ಸಲ ಬರಿಗಾಲು, ಒಂದು ಸಲ ತಟ್ಟೆಯ ಮೇಲೆ ಮೊಣಕಾಲೂರಿ, ಒಂದು ಸಲ ಸೈಕಲ್ಲಿನ ರಿಮ್ಮಿನೊಳಗೆ ಕಾಲಿಟ್ಟು. ನಡುವೆ ಬೇಕೆಂದೇ ಜಾರಿದ ಹಾಗೆ ಮಾಡುತ್ತಾಳೆ. ಜನ ಹೋ ಅನ್ನುತ್ತಾರೆ. ಆ 'ಹೋ' ಬಂದಾಗಲೇ ಅವಳ ತಮ್ಮ ತಟ್ಟೆ ಹಿಡಿದು ಸುತ್ತು ಬರೋದು. ಯಾವ ಗಳಿಗೆಯಲ್ಲಿ ಜಾರಬೇಕು, ಯಾವ ಗಳಿಗೆಯಲ್ಲಿ ತಟ್ಟೆ ತಿರುಗಬೇಕು, ಇದನ್ನು ಯಾರೋ ಕೂತು ಲೆಕ್ಕ ಹಾಕಿದ್ದಾರೆ. ಸಿನಿಮಾದವರು ಇದಕ್ಕೆ ನಿರ್ದೇಶನ ಅನ್ನುತ್ತಾರೆ. ನಾವು ಇದಕ್ಕೆ ದೊಂಬರಾಟ ಅನ್ನುತ್ತೇವೆ.

ಆ ಪದವನ್ನೇ ನೋಡಿ. ಮಂತ್ರಿ ಪಕ್ಷ ಬಿಟ್ಟು ಪಕ್ಷಕ್ಕೆ ಹಾರಿದರೆ ಪೇಪರಿನಲ್ಲಿ 'ರಾಜಕೀಯ ದೊಂಬರಾಟ' ಅಂತ ದಪ್ಪ ಅಕ್ಷರ. ದೊಂಬರು ಯಾವತ್ತು ಮಾತಿಗೆ ತಪ್ಪಿ ಹಾರಿದರು? ಅವರು ಹಾರಿದರೆ ಸರಿಯಾದ ಜಾಗಕ್ಕೇ ಹಾರಬೇಕು, ಇಲ್ಲದಿದ್ದರೆ ಕತ್ತು ಮುರಿಯುತ್ತದೆ. ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ದೊಂಬರ ಹೆಸರಿದೆ. ಹಾಗೆಯೇ ಬೈಗುಳದ ಪಟ್ಟಿಯಲ್ಲೂ ಇದೆ. ವಿಧಾನಸೌಧದವರ ಆಟಕ್ಕೆ ಬೇರೆ ಹೆಸರು ಹುಡುಕಿಕೊಳ್ಳಲಿ.

ಇಲ್ಲಿ ನಮ್ಮದೂ ಒಂದು ಮಾತು ಹೇಳದಿದ್ದರೆ ಬರೆದದ್ದು ಸುಳ್ಳಾಗುತ್ತದೆ. ಊರಿನವರು ನಮ್ಮನ್ನು ದೂರ ನಿಲ್ಲಿಸಿದರು, ಸರಿ. ಆಟ ಮುಗಿಸಿ ದೊಂಬರ ಹೆಂಗಸು ನಮ್ಮ ಕೇರಿಗೆ ಬಂದು ಮುದ್ದೆ ಕೇಳಿದಾಗ, ನಮ್ಮವರೂ ಮೇಲಿನಿಂದ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಕಿದ ಕೈಗಳಲ್ಲಿ ನಮ್ಮ ಅಜ್ಜಿಯದೂ ಒಂದು. ಆ ಹೆಂಗಸು ಸೆರಗು ಒಡ್ಡಿ ಹಿಡಿದಳು. ಒಂದು ತುತ್ತೂ ಕೆಳಗೆ ಬೀಳಲಿಲ್ಲ.

ಕೀಟನ್‌ಗೆ ವಾಪಸು ಬರುತ್ತೇನೆ. 1917ರಲ್ಲಿ ನ್ಯೂಯಾರ್ಕಿನಲ್ಲಿ ರಾಸ್ಕೋ ಆರ್ಬಕಲ್ ಅನ್ನುವ ದಪ್ಪನೆಯ ಹಾಸ್ಯಗಾರ ಇವನನ್ನು ಸಿನಿಮಾ ಕೆಲಸಕ್ಕೆ ಕರೆದ. ಇವನು ಮೊದಲು ಮಾಡಿದ್ದೇನು ಗೊತ್ತೇ? ಕ್ಯಾಮೆರಾ ಎರವಲು ಕೇಳಿ ಕೋಣೆಗೆ ಒಯ್ದು, ತಿರುಪು ತಿರುಪೂ ಬಿಚ್ಚಿ, ಒಳಗೆ ಏನಿದೆ ನೋಡಿ, ಮತ್ತೆ ಜೋಡಿಸಿದ. ಒಂದು ದಿನದ ಶಾಲೆಯವನು. ನಮ್ಮಪ್ಪ ತಮಟೆಯನ್ನು ಬೆಂಕಿಗೆ ಹಿಡಿದು ಚರ್ಮ ಕಾಯಿಸಿ, ಬೆರಳಿನಲ್ಲಿ ತಟ್ಟಿ, ಕಿವಿ ಕೊಟ್ಟು ಕೇಳಿ, ಮತ್ತೆ ಕಾಯಿಸುತ್ತಿದ್ದುದು ನೆನಪಾಯಿತು. ಕಸುಬಿನವನಿಗೆ ಉಪಕರಣದ ಹೊಟ್ಟೆಯೊಳಗಿನದು ಗೊತ್ತಿರಬೇಕು. ಗೊತ್ತಾದವನಿಗೆ ಅದರ ಯಜಮಾನಿಕೆಯೂ ಸಿಗಬೇಕಲ್ಲ? ಕೀಟನ್‌ಗೆ ಮೂರೇ ವರ್ಷಕ್ಕೆ ಸಿಕ್ಕಿತು. 1920ರಿಂದ ಅವನೇ ಆಡುವವನು, ಅವನೇ ಆಡಿಸುವವನು. ಅವ್ವ ನೋಡಿದ ಮನೆಯ ಸಿನಿಮಾವನ್ನು ಎಡ್ವರ್ಡ್ ಕ್ಲೈನ್ ಅನ್ನುವವನ ಜೊತೆ ಸೇರಿ ಅವನೇ ನಿರ್ದೇಶಿಸಿದ.

1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಸಿನಿಮಾದಲ್ಲಿ ಬಿರುಗಾಳಿಗೆ ಮನೆಯೊಂದರ ಇಡೀ ಮುಂಭಾಗದ ಗೋಡೆ ಅವನ ಮೇಲೆ ಬೀಳುತ್ತದೆ. ಅಟ್ಟದ ಕಿಟಕಿಯ ತೆರವು ಸರಿಯಾಗಿ ಅವನ ತಲೆಯ ಮೇಲೆ ಬಂದು, ಅವನು ನಿಂತ ಹಾಗೇ ನಿಂತಿರುತ್ತಾನೆ. ಅದು ರಟ್ಟಿನ ಗೋಡೆ ಅಲ್ಲ, ಸುಮಾರು ಎರಡು ಟನ್ ತೂಕದ್ದು. ಭುಜದ ಆ ಕಡೆ ಈ ಕಡೆ ಕೆಲವೇ ಅಂಗುಲ ಜಾಗ. ತೆರೆಯ ಮೇಲೆ ನಿರ್ದೇಶಕನ ಹೆಸರು ಬೇರೆಯವನದು. ಆ ಅಂಗುಲದ ಲೆಕ್ಕ ಹಾಕಿ, ನೆಲಕ್ಕೆ ಗುರುತು ಮಾಡಿಸಿ, ಆ ಗುರುತಿನ ಮೇಲೆ ತಾನೇ ನಿಂತವನು ಇವನು. 1924ರ 'ಷೆರ್ಲಾಕ್ ಜೂನಿಯರ್'ನಲ್ಲಿ ನೀರಿನ ಕೊಳವೆಯ ರಭಸಕ್ಕೆ ರೈಲು ಹಳಿಯ ಮೇಲೆ ಬಿದ್ದು ಕತ್ತಿನ ಮೂಳೆ ಬಿರುಕು ಬಿಟ್ಟಿತ್ತು. ಅದು ತಿಳಿದದ್ದು ವರ್ಷಗಟ್ಟಲೆ ಆದ ಮೇಲೆ ಎಕ್ಸ್‌ರೇ ತೆಗೆದಾಗ. ಅಲ್ಲಿಯ ತನಕ ತಲೆನೋವು ಅಂದುಕೊಂಡು ಕೆಲಸ ಮಾಡಿದ್ದ. ಕೂಲಿಯವರ ಮನೆಯಲ್ಲಿ ಇಂಥ ತಲೆನೋವು ಬೇಕಾದಷ್ಟಿವೆ. ಎಕ್ಸ್‌ರೇ ತೆಗೆಸಿದವರು ಕಡಿಮೆ.

ಅದೇ 1928ರಲ್ಲಿ ದೊಡ್ಡ ಕಂಪನಿ ಎಂ.ಜಿ.ಎಂ.ಗೆ ಸಹಿ ಹಾಕಿದ. ಆಮೇಲೆ ಕತೆ ಅವರದು, ಲೆಕ್ಕ ಅವರದು, ಬೀಳೋದು ಮಾತ್ರ ಇವನದು. ಜೀವನದಲ್ಲಿ ಮಾಡಿದ ದೊಡ್ಡ ತಪ್ಪು ಅದೇ ಅಂತ ಕೊನೆಯ ತನಕ ಹೇಳಿದ. ಕುಡಿತ ಹತ್ತಿತು. ಮುಂದೆ ಅದೇ ಕಂಪನಿಯಲ್ಲಿ ಬೇರೆಯವರ ಸಿನಿಮಾಗಳಿಗೆ ನಗೆ ಹೊಸೆದು ಕೊಡುವ ಸಂಬಳದಾಳಾದ. 1966ರಲ್ಲಿ ತೀರಿಕೊಂಡ.

ನಾನು ಹೈಸ್ಕೂಲಿನಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ ನಾಟಕ ಇತ್ತು. ರಾಜ, ಮಂತ್ರಿ, ರಾಣಿಯ ಪಾತ್ರಗಳೆಲ್ಲ ಹಂಚಿಹೋಗಿದ್ದವು. ನನಗೆ ಸಿಕ್ಕಿದ್ದು ಕುಡುಕ ಕಾವಲುಗಾರ. "ನೀನು ಮಾತಾಡಿದ್ರೆ ಸಾಕು ಕಣೋ, ಜನ ನಗ್ತಾರೆ" ಅಂತ ಪಾತ್ರ ಕೊಟ್ಟವರು ಅಂದರು. ಹೊಗಳಿಕೆ ಅಂತಲೇ ತಿಳಿದು ಹಿಗ್ಗಿದೆ. ಆಟದ ದಿನ ಬೆಂಚಿನ ಒಂದು ಕಾಲು ಮುರಿದು ನಿಜವಾಗಿ ಬಿದ್ದೆ. ಜನ ಚಪ್ಪಾಳೆ ಹೊಡೆದು ಕೂಗಿದರು. ಪರದೆಯ ಹಿಂದಿನಿಂದ "ಇನ್ನೊಂದ್ಸಲ ಬೀಳು, ಇನ್ನೊಂದ್ಸಲ ಬೀಳು" ಅಂತ ಪಿಸುಮಾತು. ಮೂರು ಸಲ ಬಿದ್ದೆ. ಮೂರನೆಯ ಸಲಕ್ಕೆ ಮೊಣಕೈ ಬಾತುಕೊಂಡಿತ್ತು. ಬಹುಮಾನದ ಲೋಟ ರಾಜನಾದವನಿಗೆ ಹೋಯಿತು. ಅವನು ಮಾತು ಮರೆತು ನಿಂತಾಗ ಜನಕ್ಕೆ ಗೊತ್ತಾಗದ ಹಾಗೆ ನಾನು ಬಿದ್ದು ಕಾಪಾಡಿದ್ದೆ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಚಾರ್ಲಿ ಚಾಪ್ಲಿನ್ 1928ರಲ್ಲಿ 'ದಿ ಸರ್ಕಸ್' ಅಂತ ಸಿನಿಮಾ ಮಾಡಿದ. ಹಸಿದ ಅಲೆಮಾರಿಯೊಬ್ಬ ಪೊಲೀಸರಿಂದ ತಪ್ಪಿಸಿಕೊಂಡು ಸರ್ಕಸ್ಸಿನ ಡೇರೆಗೆ ನುಗ್ಗುತ್ತಾನೆ. ಅವನ ಪರದಾಟ ನೋಡಿ ಜನ ಬಿದ್ದು ಬಿದ್ದು ನಗುತ್ತಾರೆ. ಮಾಲೀಕ ಅವನನ್ನು ವಿದೂಷಕನಾಗಿ ಪರೀಕ್ಷೆ ಮಾಡಿದರೆ ನಗು ಬರೋದಿಲ್ಲ. ಬೇಕೆಂದು ಮಾಡಿದರೆ ಬಾರದು, ಪಾಡು ಪಟ್ಟರೆ ಬರುತ್ತದೆ. ಆದ್ದರಿಂದ ಮಾಲೀಕ ಉಪಾಯ ಮಾಡಿ ಅವನನ್ನು ಸಾಮಾನು ಹೊರುವ ಕೂಲಿಯಾಗಿ ಇಟ್ಟುಕೊಳ್ಳುತ್ತಾನೆ. ಇಡೀ ಆಟ ಓಡುತ್ತಿರೋದು ಅವನಿಂದ, ಅದು ಅವನೊಬ್ಬನಿಗೆ ಗೊತ್ತಿಲ್ಲ, ಸಿಗೋದು ಕೂಲಿಯ ಸಂಬಳ. ಆ ಸಿನಿಮಾ ನೋಡುತ್ತಾ ನಾನು ಮೊಣಕೈ ಸವರಿಕೊಂಡೆ. ಲಂಡನ್ನಿನ ಅನಾಥಾಲಯ, ಕೂಳುಮನೆಗಳಲ್ಲಿ ಬೆಳೆದ ಚಾಪ್ಲಿನ್‌ಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಜಿಲ್ಲೆಯ ಮಾತಿಗೆ ಬರೋಣ. ನಗಿಸುವವನೇ ಆಟದ ಯಜಮಾನನೂ ಆದದ್ದು ನಮ್ಮಲ್ಲಿ ಇಲ್ಲವೇ? ಉಂಟು. ಗುಬ್ಬಿ ವೀರಣ್ಣ. 1884ರಲ್ಲಿ ಹುಟ್ಟಿದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಎಳೆಯ ಹುಡುಗನಾಗಿ ಸೇರಿದವರು, 1917ರ ಹೊತ್ತಿಗೆ ಅದರ ಒಡೆಯರಾದರು. ಕಂಪನಿ ನಾಟಕದಲ್ಲಿ ರಾಜಾಪಾರ್ಟಿನವನು ಒಡೆಯನಾಗೋದು ಸಾಮಾನ್ಯ ಸಂಗತಿ, ಇವರು ಹಾಸ್ಯಗಾರ. 'ಸದಾರಮೆ'ಯ ಕಳ್ಳನ ಪಾತ್ರದಿಂದ ಹೆಸರಾದವರು. ರಾಜನನ್ನು ನೋಡೋಕೆ ಬಂದವರು ಕಳ್ಳನನ್ನು ನೋಡಿಕೊಂಡು ಮನೆಗೆ ಹೋಗುತ್ತಿದ್ದರು. ಮೈಸೂರು ಅರಮನೆಯೂ ಮೆಚ್ಚಿ ಬಿರುದು ಕೊಟ್ಟಿತು. ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ತಂದವರಲ್ಲಿ ಇವರು ಮುಂದಿನವರು. 1934ರ 'ಕುರುಕ್ಷೇತ್ರ' ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಅಂದರೆ ನಾಟಕದ ಡೇರೆಯೊಳಗೆ ಸರ್ಕಸ್ಸಿನ ಡೇರೆ ನುಗ್ಗಿತ್ತು. ಆ ಆನೆಯ ಲದ್ದಿ ಎತ್ತಿದ ಕೈ ಯಾರದು ಅಂತ ನಾನು ಕೇಳಿದರೆ ದೊಡ್ಡವರು ಸಿಟ್ಟಾಗಬಾರದು.

ಇದೇ ವೀರಣ್ಣ ಮೂಕಿ ಚಿತ್ರ ತೆಗೆಯೋಕೂ ಹೊರಟರು. ಬೆಂಗಳೂರಿನಲ್ಲಿ ಕಂಪನಿ ಕಟ್ಟಿದರು. 1931ರಲ್ಲಿ 'ಹಿಸ್ ಲವ್ ಅಫೇರ್' ಬಂತು, ಬಿ. ಜಯಮ್ಮ ಅದರಲ್ಲಿ ನಟಿಸಿದರು. ಮರುವರ್ಷ 'ಹರಿಮಾಯಾ'. ಮೊದಲನೆಯದಕ್ಕೆ ನಿರ್ದೇಶಕ ರಫೇಲ್ ಅಲ್ಗೋಟ್ ಅನ್ನುವ ಪರದೇಶದವನು, ಎರಡನೆಯದಕ್ಕೆ ವೈ.ವಿ. ರಾವ್. ನನ್ನನ್ನು ಕಾಡುವುದು ಇದು. ರಂಗದ ಮೇಲೆ ಪರದೆ ಏಳೋದರಿಂದ ಹಿಡಿದು ಆನೆ ಬರೋವರೆಗೆ ಎಲ್ಲವನ್ನೂ ಕೈಬೆರಳಲ್ಲಿ ಆಡಿಸಿದ ನಗೆಗಾರ, ಕ್ಯಾಮೆರಾದ ಮುಂದೆ ಹಣ ಹೂಡಿದವರಾದರು. ಕ್ಯಾಮೆರಾದ ಹಿಂದೆ ನಿಂತವರು ಬೇರೆಯವರು. ಕ್ಯಾಮೆರಾ ಬಿಚ್ಚಿ ನೋಡೋಕೆ ನಮ್ಮ ಹಾಸ್ಯಗಾರರಿಗೆ ಒಂದು ರಾತ್ರಿ ಎರವಲು ಸಿಗಲಿಲ್ಲ. ಹೊತ್ತೂ ಮೀರಿತ್ತು. 1931ರ ಮಾರ್ಚ್ 14ಕ್ಕೆ ಬೊಂಬಾಯಿಯಲ್ಲಿ 'ಆಲಂ ಆರಾ' ಬಿಡುಗಡೆಯಾಗಿ ಸಿನಿಮಾ ಮಾತಾಡಿತು. 1934ರಲ್ಲಿ 'ಸತಿ ಸುಲೋಚನ' ಕನ್ನಡ ಮಾತಾಡಿತು. ಮೂಕಿಯ ಮನೆ ಹಳಿ ದಾಟುವಾಗ ಆ ಕಡೆಯಿಂದ ಇನ್ನೊಂದು ರೈಲು ಬಂದಿತ್ತು.

ವೀರಣ್ಣನವರದು ದೊಡ್ಡ ಜೀವ. ಅವರ 'ಕಲೆಯೇ ಕಾಯಕ' ಆತ್ಮಕಥೆ ನಮ್ಮ ಜಿಲ್ಲೆಯ ಹುಡುಗರು ಓದಬೇಕಾದ ಪುಸ್ತಕ. ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರ ಇದೆ. ಅಲ್ಲಿ ನಾನೂ ಪದ್ಯ ಓದಿದ್ದೇನೆ. ಬೇರೆ ಊರಿನ ಇನ್ನೊಂದು ಸಭೆಯಲ್ಲಿ ಓದಿದ್ದನ್ನು ಹೇಳುತ್ತೇನೆ, ಅದಕ್ಕೂ ಇದಕ್ಕೂ ಸಂಬಂಧ ಇದೆ.

ಪದ್ಯದಲ್ಲಿ ಹಳ್ಳಿ, ಹಾಲು, ಹಸು ಅನ್ನುವ ಪದಗಳಿದ್ದವು. ಬರೆದದ್ದು ಸರಿಯಾಗೇ ಇತ್ತು. ಓದುವಾಗ ಗಾಬರಿಯಲ್ಲಿ ಅಳ್ಳಿ, ಆಲು, ಅಸು ಅಂದುಬಿಟ್ಟೆ. ನಮ್ಮ ಮನೆಯ ಬಾಯಿ. ಮುಂದಿನ ಸಾಲಿನಲ್ಲಿ ಕಿಸಕ್ಕನೆ ನಗು. ಪದ್ಯ ಸತ್ತ ಎಮ್ಮೆಯ ಮೇಲೆ ಬರೆದದ್ದು, ನಗುವ ಪದ್ಯ ಅಲ್ಲ. ಆದರೂ ನಗಿಸಿದೆ. ಕೆಳಗಿಳಿದು ಬಂದಾಗ ಒಬ್ಬರು ಬೆನ್ನು ತಟ್ಟಿ, "ಒಳ್ಳೇ ನೇಟಿವಿಟಿ ಇದೆ" ಅಂದರು. ಹೈಸ್ಕೂಲಿನ ಕಾವಲುಗಾರ ಮತ್ತೆ ಬೆಂಚಿನಿಂದ ಬಿದ್ದ.

ಸಿನಿಮಾಕ್ಕೆ ಮಾತು ಬಂದದ್ದು ಎಲ್ಲರಿಗೂ ಲಾಭ ಅಂತ ಪುಸ್ತಕಗಳು ಹೇಳುತ್ತವೆ. ನನಗೆ ಹಾಗೆ ಕಾಣೋದಿಲ್ಲ. ಮಾತು ಬಂದ ದಿನದಿಂದ ನಗು ಮೈಯಿಂದ ನಾಲಗೆಗೆ ಬಂತು. ನಾಲಗೆಗೆ ಬಂದರೆ ಯಾರ ನಾಲಗೆಗೆ? ನಾಯಕ ಪುಸ್ತಕದ ಕನ್ನಡ ಆಡುತ್ತಾನೆ. ಮನೆಯಾಳು, ಕುರಿ ಕಾಯುವವನು, ಅಡುಗೆಯವಳು ನಮ್ಮ ಕನ್ನಡ ಆಡುತ್ತಾರೆ. ಆಡಿದ್ದಕ್ಕೇ ಜನ ನಗಬೇಕು. 1954ರಲ್ಲಿ ವೀರಣ್ಣನವರ ಸಂಸ್ಥೆಯೂ ಸೇರಿ ತೆಗೆದ 'ಬೇಡರ ಕಣ್ಣಪ್ಪ'ದಿಂದ ಸಿನಿಮಾಕ್ಕೆ ಬಂದ ನರಸಿಂಹರಾಜು ನಮ್ಮ ತಿಪಟೂರಿನವರು. ಅವರ ಒಣಕಲು ಮೈ, ಮುಂದೆ ಚಾಚಿದ ಹಲ್ಲು, ಹೆಜ್ಜೆ ಹಾಕುವ ರೀತಿ ನೋಡಿ. ಮಾತು ಕಿತ್ತು ಹಾಕಿದರೂ ಅವರು ನಗಿಸುತ್ತಾರೆ, ನಾನು ಮೊಬೈಲಿನ ಶಬ್ದ ಬಂದ್ ಮಾಡಿ ಪರೀಕ್ಷೆ ಮಾಡಿದ್ದೇನೆ. ಅಂಥ ಮೈಯನ್ನು ಮೂಕಿಯ ಕಾಲದಲ್ಲಿ ತಂದು ನಿಲ್ಲಿಸಿ, ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟಿದ್ದರೆ? ಮೂಕಿಯಲ್ಲಿ ಹಕಾರ ಅಕಾರದ ತಕರಾರಿಲ್ಲ. ಅವ್ವನಿಗೂ ಅಮೆರಿಕದವನಿಗೂ ನಡುವೆ ಆ ರಾತ್ರಿ ದುಬಾಷಿ ಬೇಕಾಗಲಿಲ್ಲ.

ಇಷ್ಟು ಹೇಳಿ ಕೀಟನ್‌ಗೆ ಹಾರ ಹಾಕಿ ಕೂರೋಕೆ ಆಗೋದಿಲ್ಲ. ಅವನ ದೊಡ್ಡ ಸಿನಿಮಾ ಅಂತ ಎಲ್ಲರೂ ಹೊಗಳುವ 'ದಿ ಜನರಲ್' ತೆಗೆದದ್ದು 1926ರಲ್ಲಿ. ಅದರ ನಾಯಕ ಅಮೆರಿಕದ ಅಂತರ್ಯುದ್ಧದಲ್ಲಿ ಯಾರ ಪರ? ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದವರ 'ಪರ'. ರೈಲಿನ ಮೇಲೆ ಅವನ ಓಟ ನೋಡಿ ನಕ್ಕೆ, ಆಮೇಲೆ ಅವನು ಯಾವ ಬಾವುಟದ ಕೆಳಗೆ ಓಡುತ್ತಿದ್ದಾನೆ ಅಂತ ನೋಡಿ ನಗು ನಿಂತಿತು. 1927ರ 'ಕಾಲೇಜ್'ನಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ಕರಿಯ ಮಾಣಿಯಾಗಿ ನಗಿಸುತ್ತಾನೆ. ತಾನು ಎಸೆಸಿಕೊಂಡು ಬೆಳೆದವನಿಗೆ ಇನ್ನೊಬ್ಬನನ್ನು ಎಸೆಯುವಾಗ ಕೈ ನಡುಗಲಿಲ್ಲ. ಮುದ್ದೆ ಮೇಲಿನಿಂದ ಹಾಕಿದ ನಮ್ಮ ಅಜ್ಜಿಯ ಕೈಯೂ ನಡುಗಿರಲಿಲ್ಲ.

ಅವರಲ್ಲಿ ಬರ್ಟ್ ವಿಲಿಯಮ್ಸ್ ಅಂತ ಒಬ್ಬನಿದ್ದ. ಕರಿಯ. 1874ರಲ್ಲಿ ಬಹಾಮಾ ದ್ವೀಪದಲ್ಲಿ ಹುಟ್ಟಿದವನು. ರಂಗದ ಮೇಲೆ ನಗಿಸೋದರಲ್ಲಿ ಅವನ ಸಮಕ್ಕೆ ನಿಲ್ಲುವವರು ಕಡಿಮೆ ಅಂತ ಬಿಳಿಯರೇ ಒಪ್ಪಿದ್ದರು. 1910ರಲ್ಲಿ ಬಿಳಿಯರ ದೊಡ್ಡ ರಂಗತಂಡ ಜೀಗ್‌ಫೆಲ್ಡ್ ಫಾಲೀಸ್‌ಗೆ ಸೇರಿದ. ಆದರೆ ಕರಿಯನಾದ ಅವನೂ ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡೇ ರಂಗಕ್ಕೆ ಬರಬೇಕಿತ್ತು. ಅವನ ಸ್ವಂತ ಕಪ್ಪು ಸಾಲದು, ಅವರು ಬರೆದ ಕಪ್ಪು ಬೇಕು. 1913ರಲ್ಲಿ ಅವನನ್ನಿಟ್ಟುಕೊಂಡು, ಕರಿಯ ನಟರನ್ನೇ ಸೇರಿಸಿ ತೆಗೆದ ಒಂದು ಮೂಕಿ ಚಿತ್ರ ಪೂರ್ತಿಯಾಗದೆ ಡಬ್ಬಿಯಲ್ಲಿ ಕೂತಿತು. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದವರು ಅದನ್ನು ಜೋಡಿಸಿ ಜನಕ್ಕೆ ತೋರಿಸಿದ್ದು 2014ರಲ್ಲಿ. ನೂರೊಂದು ವರ್ಷ. ನಗೆ ಅಷ್ಟು ವರ್ಷ ಡಬ್ಬಿಯೊಳಗೆ ಏನು ಮಾಡುತ್ತಿತ್ತು ಅಂತ ಯೋಚಿಸುತ್ತೇನೆ. ಅದರ ತುಣುಕುಗಳನ್ನು ಅವ್ವನಿಗೆ ತೋರಿಸಿದೆ. "ಇವ್ನು ನಮ್ಮೋನು" ಅಂದಳು, ಕೇಳದೇನೇ.

ಮೊನ್ನೆ ಸುಗ್ಗಿ ಮುಗಿದ ಮೇಲೆ ಸಂತೆ ದಿನ ದೊಂಬರು ಬಂದಿದ್ದರು. ಈ ಕಡೆ ಅವರು ಬರೋದೇ ಕಡಿಮೆಯಾಗಿದೆ. ಹಗ್ಗದ ಮೇಲಿದ್ದ ಹುಡುಗಿಗೆ ಹತ್ತು ವರ್ಷ ಇರಬಹುದು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸಬಾರದು ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಸಂತೆಯ ಹಗ್ಗಕ್ಕೆ ಕೋರ್ಟಿನ ಕೈ ಎಟುಕಿದ ಹಾಗಿಲ್ಲ. ಆಟ ನಿಲ್ಲಿಸು ಅಂದರೆ ರಾತ್ರಿ ಊಟಕ್ಕೆ ಏನು ಅಂತ ಅವಳಪ್ಪ ಕೇಳುತ್ತಾನೆ, ಆಡಲಿ ಅಂದರೆ ಅವಳ ಸ್ಲೇಟು ಎಲ್ಲಿ ಅಂತ ನನ್ನ ಓದು ಕೇಳುತ್ತದೆ. ಎರಡಕ್ಕೂ ಉತ್ತರ ಇಲ್ಲದೆ ಎಲ್ಲರ ಹಾಗೆ ನಾನೂ ಮೊಬೈಲು ಎತ್ತಿ ಹಿಡಿದಿದ್ದೆ. ಮೂವತ್ತು ನಲವತ್ತು ಮೊಬೈಲು ಅವಳ ಕಡೆ ಎದ್ದಿದ್ದವು. ತಟ್ಟೆಗೆ ಬಿದ್ದ ಕಾಸು ಅದಕ್ಕಿಂತ ಕಡಿಮೆ.

ಆಟ ಮುಗಿದ ಮೇಲೆ ಅವಳು ಕೆಳಗಿಳಿದು ನನ್ನ ಹತ್ತಿರ ಬಂದು, "ಅಣ್ಣಾ, ಎಂಗ್ ಬಂದೈತೆ ತೋರ್ಸಣ್ಣ" ಅಂದಳು. ತೋರಿಸಿದೆ. ತನ್ನ ಕಾಲನ್ನೇ ನೋಡಿದಳು, ಮುಖ ನೋಡಲಿಲ್ಲ. ಒಂದು ಕಡೆ ನಿಲ್ಲಿಸಿ, "ಇಲ್ಲಿ ತಪ್ಪೋಗೈತೆ" ಅಂತ ತಮ್ಮನಿಗೆ ತೋರಿಸಿದಳು. ನನಗೆ ಎಷ್ಟು ನೋಡಿದರೂ ತಪ್ಪು ಕಾಣಲಿಲ್ಲ. "ನಾನ್ ತಗೀಲಾ?" ಅಂದಳು. ಕೊಟ್ಟೆ. ಒತ್ತುವ ಜಾಗ ತೋರಿಸಿದೆ. ಅವಳು ಮೊಬೈಲು ಹಲ್ಲಲ್ಲಿ ಕಚ್ಚಿಕೊಂಡು ಗಳ ಹಿಡಿದು ಸರಸರ ಮೇಲೆ ಹತ್ತಿದಳು. ಅವಳಪ್ಪ ಬೈಯ್ದ. ನನ್ನ ಎದೆ ಹೊಡೆದುಕೊಂಡಿತು. ಮೊಬೈಲಿಗೋ ಅವಳಿಗೋ ಅಂತ ಈಗಲೂ ಪ್ರಾಮಾಣಿಕವಾಗಿ ಹೇಳಲಾರೆ.

ಆ ಇಪ್ಪತ್ತು ಸೆಕೆಂಡು ನನ್ನ ಹತ್ತಿರ ಇದೆ. ಮೊದಲು ಬಿದಿರು, ಆಮೇಲೆ ಬೆಟ್ಟ ಒಂದು ಪಕ್ಕಕ್ಕೆ ವಾಲಿಕೊಂಡು, ಆಮೇಲೆ ನಾವು. ಸಂತೆಯ ಜನವೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಾ ನಿಂತಿದ್ದೇವೆ. ಈರುಳ್ಳಿಯ ಚೀಲ ಹೊತ್ತವನು ಇದ್ದಾನೆ, ಬಿಳಿ ಪಂಚೆಯ ಗೌಡರಿದ್ದಾರೆ, ನಾನು ಎರಡು ಕೈ ಮುಂದೆ ಚಾಚಿ ಹಿಡಿದುಕೊಳ್ಳುವವನ ಹಾಗೆ ಅತ್ತ ಇತ್ತ ಹೆಜ್ಜೆ ಹಾಕುತ್ತಿದ್ದೇನೆ. ಶಬ್ದ ಬಂದ್ ಮಾಡಿ ಅವ್ವನಿಗೆ ತೋರಿಸಿದೆ. ನನ್ನನ್ನು ನೋಡಿ, ರೈಲು ಬಂದಾಗ ನಕ್ಕ ಹಾಗೇ ನಕ್ಕಳು.

"ಯಾರ್ಲಾ ತೆಗೆದೋರು ಇದ್ನ?" ಅಂದಳು.